ಮೂರು ಗಂಟೆಗೆ ಮುಚ್ಚಿದ ಬಾಗಿಲು

"ಓದಿ," ಎಂದೆ. "ನೀವೇ ಬರೆದದ್ದು ತಾನೆ? ನಿಮ್ಮ ಬಾಯಿಂದಲೇ ಕೇಳೋಣ ಅಂತ ಬಂದೆ."

ರೋಲಂಡ್ ಪೆಕ್ ಅಚ್ಚಿನ ಕರಡನ್ನು ನನ್ನ ಕೈಯಿಂದ ತೆಗೆದುಕೊಂಡ. ತನ್ನ ಆತ್ಮಕಥೆಯನ್ನು ಗಟ್ಟಿಯಾಗಿ ಓದು ಎಂದರೆ ಬೇಡ ಎನ್ನುವ ಗಾಯಕ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಐವತ್ತೆಂಟು ವಯಸ್ಸು, ಕೂದಲಿಗೆ ಬಣ್ಣ, ಬೆಳಿಗ್ಗೆ ಹತ್ತೂವರೆಗೇ ಕುತ್ತಿಗೆಗೆ ರೇಷ್ಮೆ ವಸ್ತ್ರ. ಯಾರಾದರೂ ಫೋಟೊ ತೆಗೆಯಲು ಬಂದರೆ ಎಂದು ಈ ಮನುಷ್ಯ ಮೂವತ್ತು ವರ್ಷದಿಂದ ಸಿದ್ಧನಾಗಿ ಕೂತಿದ್ದಾನೆ.

ಹಾರ್ನ್‌ಸೀ ಕಡಲತೀರದ ಅವನ ಮನೆಯ ಮುಂಗೋಣೆ. ಅವನ ಹೆಂಡತಿ ಮೌರೀನ್ ಚಹಾ ಬಸಿಯುತ್ತಿದ್ದಳು. ನಾನು ಬರುತ್ತೇನೆಂದು ಫೋನು ಮಾಡಿದ್ದಕ್ಕೆ ಮೊಸರಿನ ಟಾರ್ಟ್ ಬೇರೆ ಮಾಡಿದ್ದಳು. ಮೌರೀನ್ ಮತ್ತು ನಾನು ಒಂದೇ ಬೀದಿಯವರು, ಒಂದೇ ಚಾಪೆಲಿನ ಮಕ್ಕಳ ಮೇಳದಲ್ಲಿ ಹಾಡಿ ಬೆಳೆದವರು. ಅವಳು ನನ್ನ ಅತ್ತಿಗೆಯಾಗಬೇಕಿತ್ತು.

"ಪುಟ ನೂರ ಹನ್ನೆರಡು," ಎಂದೆ.

ರೋಲಂಡ್ ಗಂಟಲು ಸರಿ ಮಾಡಿಕೊಂಡು ಸಭೆಗೆ ಓದುವವನಂತೆ ಶುರುಮಾಡಿದ.

"‘ಅರವತ್ತೇಳರ ಮಾರ್ಚ್. ಸಂಜೆ ಮ್ಯಾಂಚೆಸ್ಟರಿನಿಂದ ಟಿ.ವಿ.ಯಲ್ಲಿ ನಮ್ಮ ಹಾಡು. ಅಂಗಡಿಯಲ್ಲಿ ಮಾರುವ ರೆಕಾರ್ಡನ್ನೇ ಹಾಕಿ ತುಟಿ ಆಡಿಸುವಂತಿಲ್ಲ ಎಂದು ವಾದ್ಯಗಾರರ ಸಂಘದ ಕಟ್ಟಪ್ಪಣೆ. ಟಿ.ವಿ.ಗಾಗಿಯೇ ಮ್ಯಾಂಚೆಸ್ಟರಿನ ಸ್ಟುಡಿಯೋದಲ್ಲಿ ಹೊಸದಾಗಿ ಹಾಡಿ, ಮಧ್ಯಾಹ್ನ ಎರಡರಿಂದ ಐದರೊಳಗೆ ಟೇಪು ಮಾಡಿ ಕೊಡಬೇಕು. ಕಾವಲಿಗೆ ಸಂಘದ ಮನುಷ್ಯ ಪರ್ಸಿ ಆ್ಯಶ್‌ವರ್ತ್. ಆರು ವಾರ ಬೆವರು ಸುರಿಸಿ ಮಾಡಿದ ಹಾಡನ್ನು ಮೂರು ತಾಸಿನಲ್ಲಿ ಮತ್ತೆ ಮಾಡುವುದುಂಟೆ? ಎಲ್ಲ ಬ್ಯಾಂಡಿನವರೂ ಮಾಡುತ್ತಿದ್ದುದನ್ನೇ ನಾವೂ ಮಾಡಿದೆವು. ಹತ್ತು ನಿಮಿಷ ನುಡಿಸಿದಂತೆ ನಟಿಸಿ, ಪರ್ಸಿಯವರನ್ನು ಎದುರಿನ ಪಬ್ಬಿಗೆ ಕರೆದೊಯ್ದು ಮೂವರೂ ಸೇರಿ ಚೆನ್ನಾಗಿ ಕುಡಿಸಿದೆವು. ಐದು ಗಂಟೆಗೆ ಕೈಹಿಡಿದು ಕರೆತಂದಾಗ ಹಳೆಯ ಟೇಪು ಹೊಸ ಡಬ್ಬಿಯೊಳಗೆ ಸಜ್ಜಾಗಿ ಕೂತಿತ್ತು. ಪರ್ಸಿ ಕಣ್ಣುಜ್ಜಿಕೊಂಡು ಸಹಿ ಹಾಕಿದರು.’"

ಓದಿ ತಾನೇ ನಕ್ಕ.

"ಚೆನ್ನಾಗಿದೆ ಅಲ್ವಾ? ಆ ಕಾಲದ ಎಲ್ಲರ ಪುಸ್ತಕದಲ್ಲೂ ಈ ಥರದ್ದೊಂದು ಕಥೆ ಇದೆ ವಿನಿ. ನಮ್ಮದ್ರಲ್ಲಿ ಇಲ್ದಿದ್ರೆ ಚರ್ಚಿನ ಮೇಳ ಅಂದ್ಕೊಂಡ್ಬಿಡ್ತಾರೆ. ಇಷ್ಟು ವರ್ಷ ಸಂಘಕ್ಕೆ ಹೆದರಿ ಬಾಯಿ ಮುಚ್ಕೊಂಡಿದ್ವಿ. ಈಗ ಯಾರು ಕೇಳ್ತಾರೆ?"

"ನಾನು ಕೇಳ್ತೀನಿ," ಎಂದೆ.

ಅವನ ನಗು ಮುಖದಲ್ಲೇ ಉಳಿಯಿತು, ಆದರೆ ಹಳಸಿತು.

ನನ್ನ ಅಣ್ಣ ಎಡ್ವಿನ್ ಗಾರ್ಬಟ್, ಸ್ಪರ್ನ್ ಲೈಟ್ಸ್ ಬ್ಯಾಂಡಿನ ಬ್ಯಾಂಜೊ ವಾದಕ, ಅದೇ ದಿನ ಅದೇ ಸ್ಟುಡಿಯೋದ ಹಿಂದಿನ ಕಾಲುವೆಯಲ್ಲಿ ಸತ್ತ. ಮರುದಿನ ಬೆಳಿಗ್ಗೆ ಹೆಣ ಸಿಕ್ಕಿತು. ಕೈಗಡಿಯಾರ ನಾಲ್ಕು ಹತ್ತಕ್ಕೆ ನಿಂತಿತ್ತು. ಕೋಟಿನ ಜೇಬಿನಲ್ಲಿ ಅರ್ಧ ಖಾಲಿಯಾದ ವಿಸ್ಕಿ ಬಾಟಲಿ.

ಹುಟ್ಟಿದಾಗಿನಿಂದ ಒಂದು ತೊಟ್ಟು ಬಾಯಿಗೆ ಹಾಕದವನು ನನ್ನಣ್ಣ. ಪಬ್ಬಿನ ಮೇಲುಕೋಣೆಯಲ್ಲಿ ಹಾಡಲು ಕೂತರೂ ಮುಂದೆ ನಿಂಬೆ ಶರಬತ್ತು. ಹಿಂದಿನ ದಿನವಷ್ಟೇ ಜಗಳವಾಡಿ ಬ್ಯಾಂಡ್ ಬಿಟ್ಟಿದ್ದ. ಜಗಳ ಯಾರೊಂದಿಗೆ? ಉಳಿದ ಮೂವರೊಂದಿಗೆ: ರೋಲಂಡ್, ಗಾಡ್‌ಫ್ರೀ, ಹಾಡುಗಾರ್ತಿ ಮೌರೀನ್. ಆದರೆ ಆ ಮೂವರೂ ಎರಡರಿಂದ ಐದರತನಕ ಸ್ಟುಡಿಯೋದೊಳಗೆ ಹಾಡುತ್ತಿದ್ದರೆಂದು ಸಂಘದ ಕಾಗದದಲ್ಲಿ ಪರ್ಸಿಯ ಸಹಿ ಇತ್ತು. ಪೊಲೀಸರು ಆ ಕಾಗದ ನೋಡಿ ಕಡತ ಕಟ್ಟಿಟ್ಟರು. ಕುಡಿದು ಬಿದ್ದ, ಸತ್ತ, ಮುಗಿಯಿತು.

ಅಮ್ಮನಿಗೆ ಮಾತ್ರ ಮುಗಿಯಲಿಲ್ಲ. ಕುಡಿತವೇ ಪಾಪ ಎನ್ನುವ ಆ ಚಾಪೆಲಿನಲ್ಲಿ ಅವಳ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಕುಡುಕನ ತಾಯಿ. ನಾಲ್ಕು ವರ್ಷ ಒಬ್ಬಳೇ ಕೂತು, ಐದನೆಯ ವರ್ಷ ಹೋದಳು.

ಈಗ ರೋಲಂಡ್ ಅದನ್ನು ಪುಸ್ತಕ ಮಾಡಿದ್ದಾನೆ. ಪುಟ ನೂರ ಹದಿನಾಲ್ಕು: ‘ಎಡ್ವಿನ್ ಗುಟ್ಟಾಗಿ ಕುಡಿಯುತ್ತಿದ್ದುದು ನಮಗೆಲ್ಲ ಗೊತ್ತಿತ್ತು. ಪಾಪ, ಸೋಲು ತಾಳಲಾರದೆ ನೀರಿಗೆ ಹಾರಿದ.’ ಗುರುವಾರ ಅಚ್ಚಿಗೆ ಹೋಗುತ್ತದೆ. ಇವತ್ತು ಮಂಗಳವಾರ. ಆ ಸಾಲು ಅಚ್ಚಾದರೆ ಸತ್ತವನ ಮೇಲೆ ಇನ್ನೊಂದು ಹಿಡಿ ಮಣ್ಣು, ಅದನ್ನು ತೆಗೆಯುವವರು ನನ್ನ ನಂತರ ಯಾರೂ ಇಲ್ಲ.

"ನೀವು ಮೂವರೂ ಹಾಡ್ತಾ ಇದ್ವಿ ಅಂತ ಪ್ರಮಾಣ ಮಾಡಿ ಹೇಳಿದ್ರಿ," ಎಂದೆ. "ಈಗ ನೋಡಿದ್ರೆ ಯಾರೂ ಹಾಡೇ ಇಲ್ಲ."

"ಅಯ್ಯೋ, ಅದೇನು ದೊಡ್ಡ ವಿಷಯಾನಾ? ಹಾಡ್ಲಿಲ್ಲ, ಪಬ್ಬಲ್ಲಿದ್ವಿ. ಎಲ್ಲಿದ್ರೇನು, ಮೂವರೂ ಪರ್ಸಿ ಜೊತೆಗೇ ಇದ್ವಲ್ಲ."

"ಐದು ಗಂಟೆ ತನಕ?"

"ಐದು ಗಂಟೆ ತನಕ."

"ಅದೇ ಪಬ್ಬಲ್ಲಿ?"

"ಅದೇ ಪಬ್ಬಲ್ಲಿ. ಏನಮ್ಮಾ ಇದು, ಪೆನ್ಷನ್ ತಗೊಂಡ್ರೂ ಪೊಲೀಸ್ ಬುದ್ಧಿ ಬಿಡಲಿಲ್ವಲ್ಲ ನೀನು?"

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಈ ಮನುಷ್ಯ ಬಾಯಿ ಬಿಟ್ಟದ್ದಲ್ಲದೆ ಅದನ್ನು ಅಚ್ಚು ಹಾಕಿಸಲು ಹೊರಟಿದ್ದ.

"ರೋಲಂಡ್, ಅರವತ್ತೇಳರಲ್ಲಿ ನನಗೆ ಇಪ್ಪತ್ಮೂರು ವರ್ಷ. ಹಲ್ ಪೊಲೀಸ್ ಠಾಣೇಲಿ ಕಾನ್‌ಸ್ಟೆಬಲ್ಲು. ನನ್ನ ಕೆಲಸ ಏನು ಗೊತ್ತಾ? ಮಧ್ಯಾಹ್ನ ಮೂರು ಹೊಡೆದ ತಕ್ಷಣ ಬಂದರಿನ ಪಬ್ಬುಗಳ ಮುಂದೆ ನಿಂತ್ಕೊಂಡು, ಮೀನುಗಾರರನ್ನ ಕುತ್ತಿಗೆಪಟ್ಟಿ ಹಿಡಿದು ಹೊರಗೆ ಹಾಕೋದು. ಆಗೆಲ್ಲ ಮೂರಕ್ಕೆ ಬಾಗಿಲು ಮುಚ್ಚಿದ್ರೆ ಮತ್ತೆ ತೆಗೀತಿದ್ದದ್ದು ಐದೂವರೆಗೆ. ಕಾನೂನು."

ಅವನು ಕುತ್ತಿಗೆಯ ರೇಷ್ಮೆ ವಸ್ತ್ರವನ್ನು ಸಡಿಲಿಸಿಕೊಂಡ.

"ಪಬ್ಬುಗಳು ದಿನವಿಡೀ ತೆರೆದಿರೋದು ಈಗ ಹತ್ತು ವರ್ಷದಿಂದ. ನಿಮಗೆ ಅಭ್ಯಾಸ ಆಗ್ಹೋಗಿದೆ, ಮರೆತಿದೀರಿ. ಅರವತ್ತೇಳರಲ್ಲಿ ಮೂರರಿಂದ ಐದರ ತನಕ ಇಡೀ ಇಂಗ್ಲೆಂಡಿನಲ್ಲಿ ನಿಮಗೆ ಯಾವ ಪಬ್ಬೂ ಬಾಗಿಲು ತೆಗೀತಿರಲಿಲ್ಲ. ಅಣ್ಣ ನೀರಿಗೆ ಬಿದ್ದದ್ದು ನಾಲ್ಕು ಹತ್ತಕ್ಕೆ. ಎಲ್ಲಿದ್ರಿ?"

ಮೌರೀನ್ ಟಾರ್ಟಿನ ತುಂಡನ್ನು ನನ್ನ ತಟ್ಟೆಗೆ ಹಾಕಿದಳು. ಚಾಕು ತಟ್ಟೆಗೆ ತಗುಲಿ ಸದ್ದಾಯಿತು.

"ಕ್ಯಾಂಟೀನು," ಎಂದ ರೋಲಂಡ್. "ಸ್ಟುಡಿಯೋ ಕ್ಯಾಂಟೀನಿಗೆ ಹೋದ್ವಿ. ಹೌದು ಹೌದು, ಈಗ ನೆನಪಾಯ್ತು. ಮೂವರೂ, ಪರ್ಸೀನೂ. ವಯಸ್ಸಾಯ್ತಲ್ಲ, ಅದೂ ಇದೂ ಕಲಸಿ ಹೋಗತ್ತೆ."

"ಎಷ್ಟು ಬೇಗ ನೆನಪಾಯ್ತು!"

"ವಿನಿ, ವ್ಯಂಗ್ಯ ಬೇಡ."

"ಕ್ಯಾಂಟೀನಲ್ಲಿ ಏನು ತಿಂದ್ರಿ?"

"ಮೂವತ್ತೊಂದು ವರ್ಷದ ಹಿಂದೆ ಏನು ತಿಂದೆ ಅಂತ ಯಾರಿಗೆ ನೆನಪಿರತ್ತೆ?"

"ಪರ್ಸಿಗಿದೆ," ಎಂದೆ.

ಅವನ ಕೈಯಲ್ಲಿದ್ದ ಕರಡು ಜಾರಿ ತೊಡೆಯ ಮೇಲೆ ಬಿತ್ತು. "ಪರ್ಸಿ ಇನ್ನೂ ಬದುಕಿದ್ದಾರಾ?"

"ಸೌತ್‌ಪೋರ್ಟಿನ ವೃದ್ಧಾಶ್ರಮದಲ್ಲಿ. ಎಂಬತ್ತೊಂಬತ್ತು ವರ್ಷ. ಶನಿವಾರ ಹೋಗಿ ನೋಡ್ಕೊಂಡು ಬಂದೆ. ಮೊಣಕಾಲು ಹೋಗಿದೆ, ನಾಲಿಗೆ ಗಟ್ಟಿಯಾಗಿದೆ."

ಪರ್ಸಿ ನನಗೆ ಹೇಳಿದ್ದು ಇಷ್ಟು. "ಸುಳ್ಳು ಸಹಿ ಹಾಕ್ದೆ ಕಣಮ್ಮ, ಒಪ್ಕೋತೀನಿ. ಎಲ್ಲರೂ ಹಾಕ್ತಿದ್ರು. ಮೂರಕ್ಕೆ ಪಬ್ಬಿನವನು ಹೊರಗೆ ದಬ್ಬಿದ. ಒಬ್ಬ ಹುಡುಗ ನನ್ನನ್ನ ಪಕ್ಕದ ಬೀದೀಲಿ ಮಾಂಸದ ಪೈ ಮಾರೋ ಅಂಗಡಿಗೆ ಕರ್ಕೊಂಡ್ಹೋಗಿ ಹತ್ತಿರ ಹತ್ತಿರ ಐದರ ತನಕ ಕೂರಿಸ್ಕೊಂಡಿದ್ದ. ಒಬ್ಬನೇ. ಮಿಕ್ಕವರು ಎಲ್ಲಿದ್ರೋ ಆ ದೇವರಿಗೇ ಗೊತ್ತು. ಹೆಸರು ನೆನಪಿಲ್ಲ ಮಗಳೇ, ಆ ಕಾಲದ ಹುಡುಗರೆಲ್ಲ ಒಂದೇ ಥರ, ಕಿವಿ ಮುಚ್ಚೋ ಕೂದಲು. ಆದ್ರೆ ಊಟಕ್ಕೆ ಕೂತಾಗ ಅವನು ಮಾಡಿದ ಕೆಲಸ ಸಾಯೋತನಕ ಮರೆಯಲ್ಲ."

ಅವನು ಏನು ಮಾಡಿದನೆಂಬುದನ್ನು ನಾನು ರೋಲಂಡನಿಗೆ ಹೇಳಲಿಲ್ಲ.

"ಮೂವರೂ ಇರಲಿಲ್ಲ, ಒಬ್ಬನೇ ಇದ್ದ ಅಂತಾರೆ ಪರ್ಸಿ. ಪೈ ಅಂಗಡೀಲಿ. ಅದು ನೀವಾಗಿದ್ರೆ ನೀವು ಬಚಾವು. ಅಲ್ಲದಿದ್ರೆ ನಾಳೆ ಬೆಳಿಗ್ಗೆ ಮ್ಯಾಂಚೆಸ್ಟರ್ ಪೊಲೀಸರ ಮುಂದೆ ನಿಮ್ಮದೇ ಪುಸ್ತಕ ಇಡ್ತೀನಿ. ಹೇಳಿ. ತಿನ್ನೋ ಮುಂಚೆ ಸಾಸರಲ್ಲಿ ಏನಿಟ್ಟಿದ್ರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ರೋಲಂಡನ ಕೈ ನೇರ ಮೇಲ್ತುಟಿಗೆ ಹೋಯಿತು.

ಅವನ ಮುಂದಿನ ಹಲ್ಲು ಕಟ್ಟಿಸಿದ್ದು. ಅರವತ್ತೈದರಲ್ಲಿ ಬ್ಯಾಂಡಿನ ವ್ಯಾನಿನಿಂದ ಬಿದ್ದು ಮುರಿದುಕೊಂಡಿದ್ದ. ಎಡ್ವಿನ್ ಹೇಳಿ ನಾನೂ ಅವನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಊರ ಹುಡುಗಿಯರೆಲ್ಲ ಯಾವ ನಗುವಿಗೆ ಮೂರ್ಛೆ ಹೋಗುತ್ತಿದ್ದರೋ ಆ ನಗುವಿನ ಅರ್ಧ ಭಾಗ ರಾತ್ರಿ ಲೋಟದಲ್ಲಿರುತ್ತಿತ್ತು. ಇನ್ನೂರ ಅರವತ್ತು ಪುಟದ ಆತ್ಮಕಥೆಯಲ್ಲಿ ಈ ಹಲ್ಲಿನ ಮಾತೇ ಇಲ್ಲ. ಪರ್ಸಿ ಹೇಳಿದಾಗಲೇ ನನಗೆ ಅದು ನೆನಪಾಗಿತ್ತು, ಆದರೂ ಇವನ ಬಾಯಿಂದ ಕೇಳುವತನಕ ನಂಬಲು ಮನಸ್ಸಿರಲಿಲ್ಲ.

"ಹಲ್ಲು," ಎಂದ ಮೆಲ್ಲಗೆ. "ತೆಗೆದಿಟ್ಟಿದ್ದೆ. ಪೈ ಗಟ್ಟಿಯಿತ್ತು. ಆ ಮುದುಕ ಅಂಗಡಿಯವರಿಗೆಲ್ಲ ಕೇಳೋ ಹಾಗೆ ನಕ್ಕ."

"ಆ ಸಾಸರು ನೆನಪಾದಾಗಲೆಲ್ಲ ಈಗಲೂ ನಗ್ತಾರಂತೆ."

"ಹಾಗಾದ್ರೆ ನಾನಲ್ಲ ಅಂತ ಆಯ್ತಲ್ಲ?" ರೋಲಂಡ್ ಬೆನ್ನು ನೆಟ್ಟಗೆ ಮಾಡಿದ. "ಅಯ್ಯೋ ದೇವರೇ! ಇಷ್ಟು ವರ್ಷ ನೀನು ನನ್ನ ಮೇಲೇ ಅನುಮಾನ ಇಟ್ಕೊಂಡಿದ್ಯಾ ವಿನಿ?"

ಹೌದು, ಇಟ್ಟುಕೊಂಡಿದ್ದೆ. ಮೂವತ್ತೊಂದು ವರ್ಷ ಈ ಮನುಷ್ಯ ಕೊಲೆಗಾರ ಎಂದುಕೊಂಡೇ ಮಲಗಿದ್ದೇನೆ, ಅದನ್ನೇ ನೆನೆಯುತ್ತ ಎದ್ದಿದ್ದೇನೆ. ಅವನನ್ನು ದ್ವೇಷಿಸುವುದರಲ್ಲಿ ಒಂದು ಸುಖವೂ ಇತ್ತು, ಸುಳ್ಳೇಕೆ ಹೇಳಲಿ. ಅವನ ಪ್ರತಿ ರೆಕಾರ್ಡು, ಪ್ರತಿ ಸನ್ಮಾನ ಪೇಪರಿನಲ್ಲಿ ಬಂದಾಗಲೂ ಇರು ಮಗನೇ ಇರು ಎಂದು ಹಲ್ಲು ಕಡಿದಿದ್ದೆ. ಈಗ ಅವನದೇ ಒಂದು ಕಟ್ಟಿಸಿದ ಹಲ್ಲು ಅದನ್ನೂ ನನ್ನಿಂದ ಕಿತ್ತುಕೊಂಡಿತು. ನನಗೆ ಅಳು ಬರುವಷ್ಟು ಸಿಟ್ಟು ಬಂತು.

"ಹಾಗಾದ್ರೆ ಕ್ಯಾಂಟೀನು ಅಂತ ಸುಳ್ಳು ಯಾಕೆ ಹೇಳಿದ್ರಿ?" ಎಂದೆ. "ಮೂವರೂ ಸೇರಿ ಕುಡಿಸಿದ್ವಿ ಅಂತ ಪುಸ್ತಕದಲ್ಲಿ ಯಾಕೆ ಬರೆದ್ರಿ? ನಾನು ಪೈ ಅಂಗಡೀಲಿದ್ದೆ ಅಂದಿದ್ರೆ ನಿಮ್ಮ ಪಾಡಿಗೆ ನೀವು ಪಾರಾಗ್ತಿದ್ರಿ."

ಆಗ ಅವನಿಗೆ ತಾನು ಏನು ಮಾಡಿಕೊಂಡೆ ಎಂಬುದು ಹೊಳೆಯಿತು. ಅವನ ಕಣ್ಣು ಒಂದು ಕ್ಷಣ ಚಹಾದ ಮೇಜಿನ ಕಡೆ ಹೋಗಿ ಮರಳಿತು. ಇಪ್ಪತ್ತೆಂಟು ವರ್ಷ ಪೊಲೀಸ್ ಕೆಲಸ ಮಾಡಿದವಳಿಗೆ ಆ ಒಂದು ಕ್ಷಣ ಸಾಕು.

"ಗಾಡ್‌ಫ್ರೀ," ಎಂದ ಅವಸರವಾಗಿ. "ಗಾಡ್‌ಫ್ರೀನ ಕೇಳ್ಬೇಕಿತ್ತು ನೀನು. ಎಡ್ವಿನ್ ಕಂಡ್ರೆ ಅವನಿಗೆ ಆಗ್ತಾನೇ ಇರಲಿಲ್ಲ."

ಗಾಡ್‌ಫ್ರೀ ಸ್ಕೆಲ್ಟನ್, ಬ್ಯಾಂಡಿನ ದೊಡ್ಡ ಬಾಸ್ ವಾದ್ಯದವನು. ಹೋದ ವರ್ಷ ತೀರಿಕೊಂಡ. ಸತ್ತವನ ತಲೆಗೆ ಕಟ್ಟುವುದು ಎಷ್ಟು ಸಲೀಸು! ಎಡ್ವಿನ್‌ನ ವಿಷಯದಲ್ಲಿ ಮಾಡಿ ಅಭ್ಯಾಸವಾಗಿತ್ತಲ್ಲ.

ಕರಡನ್ನು ಎತ್ತಿಕೊಂಡು ಚಿತ್ರಗಳ ಹಾಳೆ ತೆರೆದೆ. ಸ್ಟುಡಿಯೋದ ನೆಲದ ಮೇಲೆ ಗಾಡ್‌ಫ್ರೀ ಬಾಯಿ ತೆರೆದು ನಿದ್ದೆ ಹೋಗಿದ್ದಾನೆ, ಪಕ್ಕದಲ್ಲಿ ಅವನ ವಾದ್ಯವೂ ಮಲಗಿದೆ. ಟೇಪು ಬದಲಾಯಿಸಿದ ಎಂಜಿನಿಯರು ತೆಗೆದ ಫೋಟೊ. ಅಡಿಯಲ್ಲಿ ರೋಲಂಡನ ತಮಾಷೆ: ‘ಟಿ.ವಿ.ಗಾಗಿ ಕಷ್ಟಪಟ್ಟು ಧ್ವನಿಮುದ್ರಣ, ಮಾರ್ಚ್ ೧೯೬೭.’

"ಮೇಲೆ ಗೋಡೆ ಗಡಿಯಾರ ನೋಡಿ. ನಾಲ್ಕು ಹತ್ತಕ್ಕೆ ಎರಡು ನಿಮಿಷ ಇದೆ. ಪಾಪ, ಗಾಡ್‌ಫ್ರೀ ಗೊರಕೆ ಹೊಡೀತಿದಾನೆ. ಎಂಜಿನಿಯರು ಕ್ಯಾಮೆರಾ ಹಿಡ್ಕೊಂಡಿದಾನೆ. ನೀವು ಹಲ್ಲು ಬಿಚ್ಚಿಟ್ಟು ಪೈ ತಿಂತಿದೀರಿ."

ಹಾಳೆಯನ್ನು ಮೇಜಿನ ಮೇಲೆ, ಟಾರ್ಟಿನ ಪಕ್ಕದಲ್ಲಿಟ್ಟೆ. ಫೋಟೊದ ಎಡಕ್ಕೆ ಹಾಡುಗಾರ್ತಿಯ ಮೈಕು. ಅದರ ಮುಂದೆ ಯಾರೂ ಇಲ್ಲ.

"ಸಕ್ಕರೆ ಹಾಕಿದೀನಾ ನಿಂಗೆ?" ಎಂದಳು ಮೌರೀನ್.

"ಹಾಕಿದೀಯ."

"ಇವತ್ತೇ ಪ್ರಕಾಶಕರಿಗೆ ಫೋನ್ ಮಾಡ್ತೀನಿ," ಎಂದ ರೋಲಂಡ್. ಅವನ ದನಿಯಲ್ಲಿ ವೇದಿಕೆಯ ಠೀವಿ ಉಳಿದಿರಲಿಲ್ಲ. "ಕುಡುಕ ಅನ್ನೋ ಸಾಲು ತೆಗೆಸ್ತೀನಿ. ಇಡೀ ಪುಟಾನೇ ತೆಗೆಸ್ತೀನಿ. ಅದಕ್ಕೇ ತಾನೇ ನೀನು ಬಂದಿದ್ದು? ಇಲ್ಲಿಗೇ ಬಿಟ್ಬಿಡು ವಿನಿ. ಕೈ ಮುಗೀತೀನಿ."

ಆ ಸಾಲು ತೆಗೆಸಲೆಂದೇ ನಾನು ಬಂದದ್ದು ನಿಜ. ಒಂದು ಗಂಟೆ ಮುಂಚೆ ಈ ಮಾತು ಹೇಳಿದ್ದರೆ ಎದ್ದು ಹೋಗುತ್ತಿದ್ದೆನೇನೋ.

"ಮೌರೀನ್," ಎಂದೆ. "ನೀನು ಎಲ್ಲಿದ್ದೆ?"

"ಏನೂ ಮಾತಾಡ್ಬೇಡ," ಎಂದ ರೋಲಂಡ್. "ಮೌರೀನ್, ಒಳಗೆ ಹೋಗು."

ಮೌರೀನ್ ಹೋಗಲಿಲ್ಲ. ಕೆಟಲಿನ ಮೇಲೆ ಉಣ್ಣೆಯ ಮುಸುಕು ಮುಚ್ಚಿ, ನನ್ನ ಎದುರಿಗೆ ಕೂತಳು.

"ಆ ಪುಟ ಟೈಪ್ ಮಾಡಿದ್ದೇ ನಾನು. ಮಾಡುವಾಗ್ಲೇ ಗೊತ್ತಾಯ್ತು, ಇದನ್ನ ನೀನು ಓದಿದ್ರೆ ಬಂದೇ ಬರ್ತೀಯ ಅಂತ. ತೆಗೀರಿ ಅಂತ ಇವರಿಗೆ ಹೇಳ್ಬಹುದಿತ್ತು. ಹೇಳಲಿಲ್ಲ. ಸಾಕಾಗಿತ್ತು ಕಣೇ."

"ಎಲ್ಲಿದ್ದೆ?"

"ಕಾಲುವೆ ಹತ್ರ. ಪಬ್ ಮುಚ್ಚಿದ ಮೇಲೆ ಸ್ಟುಡಿಯೋದ ಹಿಂದಿನ ಬಾಗಿಲಿಂದ ಹೋದೆ. ಬಾ ಅಂತ ಅವನು ಚೀಟಿ ಕಳಿಸಿದ್ದ."

ಅಮ್ಮ ಸತ್ತಾಗ ನನ್ನ ಕೈ ಹಿಡಿದು ಕೂತವಳು ಇವಳು. ಪ್ರತಿ ಕ್ರಿಸ್‌ಮಸ್ಸಿಗೆ ಕಾರ್ಡು, ಪ್ರತಿ ಮಾರ್ಚಿನಲ್ಲಿ ಎಡ್ವಿನ್‌ನ ಗೋರಿಗೆ ಹಳದಿ ಹೂವು. ಆ ಹೂವನ್ನೆಲ್ಲ ಇವಳ ಮುಖಕ್ಕೆ ಎಸೆಯಬೇಕೆನ್ನಿಸಿತು.

"ಏನಂದ ಅವನು?"

"ಇನ್ನೇನಂತಾನೆ? ಹೆಸ್ಟರ್ ಅಜ್ಜಿ ಹಾಡು. ಅದನ್ನ ಇವತ್ತು ಹಾಡ್ಬೇಡ ಅಂದ."

ಜಗಳದ ಮೂಲ ಅದೇ. ನಮ್ಮ ಮೀನುಗಾರರ ಕೇರಿಯಲ್ಲಿ ಒಂದು ಕಟ್ಟಳೆಯಿದೆ. ಮೇಲುಕೋಣೆಯಲ್ಲಿ ಹಾಡಲು ಕೂತಾಗ ಒಬ್ಬರ ಹಾಡನ್ನು ಇನ್ನೊಬ್ಬರು ಎತ್ತಬಾರದು. ಉಸಿರಿರುವತನಕ ಹಾಡು ಅವರದು, ತಾವಾಗಿ ಯಾರಿಗಾದರೂ ಒಪ್ಪಿಸಿದರೆ ಮಾತ್ರ ಅದು ಕೈ ಬದಲಾಯಿಸುತ್ತದೆ. ಬಲೆ ಹೆಣೆಯುವ ಹೆಸ್ಟರ್ ಕಾಬ್ ಮುಳುಗಿದ ಗಂಡನ ಮೇಲೆ ಕಟ್ಟಿಕೊಂಡಿದ್ದ ಹಾಡನ್ನು ಎಡ್ವಿನ್ ಅವಳಿಂದ ಕಲಿತಿದ್ದ, ಬರೀ ಕಲಿಯಲು, ಹಾಡಲು ಅಲ್ಲ. ಅವನು ಗುನುಗಿದ್ದನ್ನು ಕೇಳಿ ಮೌರೀನ್ ಕಲಿತಳು. ಅವನು ಅಡ್ಡ ನಿಂತರೂ ಕೇಳದೆ ರೋಲಂಡ್ ಅದನ್ನು ರೆಕಾರ್ಡ್ ಮಾಡಿಸಿದ. ಮುದುಕಿ ಒಪ್ಪುತ್ತಾಳೆ, ಎಡ್ವಿನ್ ಒಪ್ಪಿಸುತ್ತಾನೆ ಎಂದುಕೊಂಡಿದ್ದರು. ಮುದುಕಿ ಒಪ್ಪಲಿಲ್ಲ.

"‘ಮುದುಕಿ ಇನ್ನೂ ಬದುಕಿದಾಳೆ ಮೌರೀನ್, ಅವಳ ಬಾಯಿಂದ ಹೇಗೆ ಕಿತ್ಕೊಳ್ತೀಯ’ ಅಂದ. ಅಳ್ತಿದ್ದ. ಕೈ ಹಿಡ್ಕೊಂಡ. ನಂಗೆ ಇಪ್ಪತ್ತೆರಡು ವರ್ಷ ವಿನಿ. ಸಂಜೆ ಟಿ.ವಿ.ಲಿ ಇಡೀ ದೇಶ ನೋಡತ್ತೆ. ಯಾವಳೋ ಮೀನು ವಾಸನೆ ಮುದುಕಿಗೋಸ್ಕರ ಬಿಡಬೇಕಾ ಅಂದೆ. ಅಂದ್ಬಿಟ್ಟೆ. ಕೈ ಕೊಡವಿದೆ. ಕಟ್ಟೆ ಕಲ್ಲು ಪಾಚಿಗಟ್ಟಿತ್ತು. ಜಾರಿ ಬಿದ್ದ."

"ನಾಲ್ಕು ಹತ್ತಕ್ಕೆ."

"ಇರಬಹುದು."

"ಅವನಿಗೆ ಈಜು ಬರ್ತಿರಲಿಲ್ಲ. ನಿಂಗೆ ಗೊತ್ತಿತ್ತು. ಬಿಟ್ಟು ಬಂದ್ಯಾ?" ನಾನು ಎದ್ದು ನಿಂತಿದ್ದೆ. "ಬಿಟ್ಟು ಬಂದು, ಲಂಗ ಕೊಡವಿಕೊಂಡು, ಸಂಜೆ ಏಳಕ್ಕೆ ಹಾಡಿದ್ಯಾ? ನಾನೂ ಅಮ್ಮನೂ ಟಿ.ವಿ. ಮುಂದೆ ಕೂತು ಚಪ್ಪಾಳೆ ಹೊಡೆದ್ವಲ್ಲೇ! ನಮ್ಮ ಮೌರೀನ್ ಎಷ್ಟು ಚೆನ್ನಾಗಿ ಹಾಡ್ತಾಳೆ ಅಂತ ಅಮ್ಮ ಕಣ್ಣೊರೆಸಿಕೊಂಡಳು!"

"ಬಿಟ್ಟು ಬರ್ಲಿಲ್ಲ," ಎಂದಳು ಮೌರೀನ್. "ಎಳೆದು ಮೇಲೆ ಹಾಕ್ದೆ."

ರೋಲಂಡ್ ತಲೆಯೆತ್ತಿ ಅವಳನ್ನು ನೋಡಿದ. ಇದು ಅವನಿಗೂ ಗೊತ್ತಿರಲಿಲ್ಲ. ಎಡ್ವಿನ್‌ನನ್ನು ಅವಳೇ ಸಾಯಲು ಬಿಟ್ಟಳೆಂದುಕೊಂಡು ಅವನು ಅಷ್ಟು ವರ್ಷ ಮುಚ್ಚಿಟ್ಟಿದ್ದ.

"ಬ್ಯಾಂಜೊ ಪಟ್ಟಿ ಅವನ ಹೆಗಲಲ್ಲೇ ಇತ್ತು. ಅದನ್ನ ಹಿಡಿದು ಎಳೆದೆ. ಎದೆಮಟ್ಟ ನೆನೆದಿದ್ದ, ಕಾಲು ಉಳುಕಿತ್ತು, ನಿಲ್ಲೋಕೆ ಆಗ್ತಿರಲಿಲ್ಲ. ಆದ್ರೆ ಬದುಕಿದ್ದ. ನನ್ನ ಮೇಲೆ ಕೂಗಾಡೋಷ್ಟು ಚೆನ್ನಾಗಿದ್ದ."

ನಾನು ಮತ್ತೆ ಕೂತೆ.

ನಾಲ್ಕು ಹತ್ತಕ್ಕೆ ನಿಂತದ್ದು ಗಡಿಯಾರ ಮಾತ್ರ. ನೀರು ಹೊಕ್ಕು ನಿಂತಿತು. ಅಣ್ಣ ನಿಲ್ಲಲಿಲ್ಲ. ಪೊಲೀಸರು, ನಾನು, ಎಲ್ಲರೂ ಮೂವತ್ತೊಂದು ವರ್ಷ ತಪ್ಪು ಗಂಟೆಯನ್ನು ಹಿಡಿದುಕೊಂಡು ಜಗ್ಗಾಡಿದ್ದೆವು. ನಾಲ್ಕು ಹತ್ತಕ್ಕೆ ಯಾರು ಎಲ್ಲಿದ್ದರು ಎಂಬುದರಿಂದ ಯಾರಿಗೂ ಏನೂ ಆಗಬೇಕಿರಲಿಲ್ಲ.

"ಅವನ ಜೇಬಲ್ಲಿ ವಿಸ್ಕಿ ಬಾಟ್ಲಿ ಇತ್ತಾ?"

"ಇರ್ಲಿಲ್ಲ."

"ಅಷ್ಟು ಖಾತ್ರಿ?"

"ಎರಡೂ ಜೇಬಿಗೆ ಕೈ ಹಾಕಿ ಕರವಸ್ತ್ರ ಹುಡುಕಿದ್ದು ನಾನೇ. ಅವನ ಮುಖ ಒರೆಸೋಕೆ. ಬಾಟ್ಲಿ ಗೀಟ್ಲಿ ಏನೂ ಇರ್ಲಿಲ್ಲ."

ಅಂದರೆ ಬಾಟಲಿ ಆಮೇಲೆ ಬಂತು. ಅದನ್ನು ಹಿಡಿದುಕೊಂಡು ಯಾರೋ ಬಂದರು.

"ನಿಲ್ಲೋಕಾಗದವನನ್ನ ಅಲ್ಲಿ ಒಬ್ಬನೇ ಕೂರಿಸಿ ಹೊರಟ್ಯಾ ನೀನು?" ಎಂದೆ. "ಆಸ್ಪತ್ರೆಗೆ ಹೇಳೋಕೇನಾಗಿತ್ತು ರೋಗ?"

"ಯಾರಾದ್ರೂ ಹೆಸರು ಕೇಳಿದ್ರೆ? ನಾನು ಸ್ಟುಡಿಯೋದಲ್ಲಿ ಹಾಡ್ತಿರಬೇಕಿತ್ತು. ಅದಕ್ಕೇ ಬೀದಿ ಮೂಲೆಯ ಫೋನ್ ಡಬ್ಬಿಗೆ ಓಡಿದೆ. ನಂಗೆ ಬಾಯಿಪಾಠ ಇದ್ದದ್ದು ಒಂದೇ ನಂಬರು."

ನನ್ನ ಕೈಯಲ್ಲಿದ್ದ ಬಟ್ಟಲನ್ನು ಮೇಜಿನ ಮೇಲಿಟ್ಟೆ. ಸ್ವಲ್ಪ ಚಹಾ ಗಾಡ್‌ಫ್ರೀಯ ಫೋಟೊದ ಮೇಲೆ ಚೆಲ್ಲಿತು.

ಹನ್ನೊಂದು ವಾರದಿಂದ, ವಾರಕ್ಕೊಂದು ಕಂತಿನಂತೆ, ಓದುಗರಾದ ನಿಮಗೆ ಈ ಕಥೆ ಹೇಳುತ್ತಿದ್ದೇನೆ. ಒಂದು ಮಾತನ್ನು ಮಾತ್ರ ಹೇಳಿಲ್ಲ. ನಿಮಗೆ ಮಾತ್ರವಲ್ಲ, ಅಮ್ಮನಿಗೂ ಹೇಳಲಿಲ್ಲ, ಸಾವಿನ ವಿಚಾರಣೆ ಮಾಡಿದ ನ್ಯಾಯಾಧಿಕಾರಿಗೂ ಹೇಳಲಿಲ್ಲ.

ಆ ದಿನ ಹಲ್ ಠಾಣೆಯಲ್ಲಿ ಫೋನಿನ ಮುಂದೆ ಇದ್ದವಳು ನಾನು. ನಾಲ್ಕೂವರೆಗೆ ಐದು ನಿಮಿಷವಿರುವಾಗ ಒಂದು ಹುಡುಗಿ ಫೋನು ಮಾಡಿದಳು. ಮ್ಯಾಂಚೆಸ್ಟರ್ ಕಡೆಯ ಲ್ಯಾಂಕಶೈರಿನ ರಾಗ, ಮೂಗಿನಲ್ಲಿ ಮಾತು. ನಿಮ್ಮ ಅಣ್ಣ ನೀರಿಗೆ ಬಿದ್ದಿದ್ದಾನೆ, ಯಾರನ್ನಾದರೂ ಕಳಿಸಿ ಎಂದಳು. ಬ್ಯಾಂಡಿಗೆ ಹೆಸರು ಬಂದಾಗಿನಿಂದ ಅಂಥ ಹುಡುಗಿಯರ ಕಾಟ ಹೇಳತೀರದು. ನಿಮ್ಮ ಅಣ್ಣನಿಗೆ ಜ್ವರ, ನಿಮ್ಮ ಅಣ್ಣನಿಗೆ ನನ್ನ ಮೇಲೆ ಪ್ರೀತಿ, ನಿಮ್ಮ ಅಣ್ಣ ನನ್ನ ಮನೆಯಲ್ಲಿದ್ದಾನೆ. ವಾರಕ್ಕೆ ಐದಾರು. ನಾನು ಫೋನು ಇಟ್ಟೆ. ಠಾಣೆಯ ದಿನಚರಿಯಲ್ಲಿ ಬರೆಯಲೂ ಇಲ್ಲ.

ಮರುದಿನ ಹೆಣ ಸಿಕ್ಕ ಸುದ್ದಿ ಬಂದಾಗಿನಿಂದ ಆ ಹುಡುಗಿಯನ್ನು ಹುಡುಕುತ್ತಿದ್ದೇನೆ. ನೀವು ನನ್ನನ್ನು ನ್ಯಾಯಕ್ಕಾಗಿ ಅಲೆಯುವ ತಂಗಿ ಎಂದುಕೊಂಡಿದ್ದೀರಿ. ಅದು ಅರ್ಧ ನಿಜ. ಆ ಹುಡುಗಿ ಸಿಕ್ಕಿ, ಇಲ್ಲ ಮೇಡಂ, ನಾನು ಸುಮ್ಮನೆ ಕಾಡಿಸಲು ಹೇಳಿದ್ದೆ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಅಷ್ಟಕ್ಕಾಗಿ ನಾನು ಮೂವತ್ತೊಂದು ವರ್ಷ ತಿರುಗಿದೆ.

"ನಿನ್ನ ದನಿ ನನಗೆ ಗೊತ್ತಾಗ್ತಿತ್ತು," ಎಂದೆ.

"ಗೊತ್ತಾಗಬಾರದು ಅಂತಾನೇ ದನಿ ಬದಲಾಯಿಸಿದೆ. ಹಾಡೋಳಲ್ವಾ? ಅದೊಂದು ಬರ್ತಿತ್ತು ನಂಗೆ." ಅವಳ ಕಣ್ಣಿನಲ್ಲಿ ನೀರಿರಲಿಲ್ಲ. "ನೀನೇನಂದೆ ನೆನಪಿದೆ ತಾನೆ?"

"ಬೇಡ ಮೌರೀನ್."

"‘ನೀರಿಗೆ ಬಿದ್ರೆ ಒದ್ದೆ ಆಗ್ತಾನೆ, ಆಮೇಲೆ ಒಣಗ್ತಾನೆ. ಇಡಮ್ಮ ಫೋನು.’ ಅಂದೆ."

ರೋಲಂಡ್ ನನ್ನನ್ನು ನೋಡುತ್ತಿದ್ದ. ಇಷ್ಟು ವರ್ಷ ನಾನು ಅವನನ್ನು ಹೇಗೆ ನೋಡಿದ್ದೆನೋ ಹಾಗೆ.

"ವಾಪಸ್ ಅವನ ಹತ್ರ ಹೋದೆ," ಎಂದಳು ಮೌರೀನ್. "ಫೋನ್ ಇಟ್ಬಿಟ್ಳು ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ವಿನಿ ಈಗ್ಲೇ ಇಲ್ಲಿನ ಪೊಲೀಸರಿಗೆ ಹೇಳಿ ಯಾರನ್ನೋ ಕಳಿಸ್ತಾಳಂತೆ, ಇಲ್ಲೇ ಕೂತಿರು, ಎಲ್ಲೂ ಹೋಗ್ಬೇಡ ಅಂದೆ. ಅವನಿಗೆ ಅಷ್ಟೇ ಸಾಕಾಯ್ತು. ಹಾಗಾದ್ರೆ ನೀನು ಹೋಗು, ವಿನಿ ಇದಾಳಲ್ಲ ಅಂದ. ಗೋಡೆಗೆ ಒರಗಿ ಕೂತ್ಕೊಂಡ. ಆಮೇಲೆ ಅಲ್ಲಿಗೆ ಯಾರು ಬಂದ್ರೋ ನಂಗೊತ್ತಿಲ್ಲ ವಿನಿ. ನೀನಂತೂ ಬರ್ಲಿಲ್ಲ."